ಬಾಡಿಗೆ ಬರದ ಜಾಗ

ಶಹಾಪುರದ ಆ ಓಣಿಯಲ್ಲಿ ಜಾಗದ ಅಗಲ ಹದಿನೆಂಟು ಅಡಿ,
ಉದ್ದ ಅರವತ್ತು.
ಎಡಕ್ಕೊಂದು ಗೋಡೆ, ಬಲಕ್ಕೊಂದು ಗೋಡೆ, ಎರಡೂ ನಮ್ಮವಲ್ಲ.
ಒತ್ತಿಕೊಂಡಿದ್ದವು
ಸಂತೆ ಬಸ್ಸಿನ ಸೀಟಿನಲ್ಲಿ ಕೂತವರ ಹಾಗೆ.

ಆದಪ್ಪ ಚೌಗುಲೆ ಮೊಬೈಲು ತೆರೆದು ತೋರಿಸಿದರು:
ಪಡುವಲಿಗೆ ಮುಖ ಮಾಡಿ, ನೆಲದಿಂದ ತುದಿಯತನಕ ನೀಲಿ ಗಾಜು.
"ಹಿಂಗ ಬೇಕ್ರಿ ಮೇಡಂ, ಬೆಳಕು ಭರಪೂರ ಬರಬೇಕು."
ಅದು ಬೆಳಕಲ್ಲ, ಬಿಸಿಲು ಎಂದೆ.
ಮೂರು ಗಂಟೆಗೆ ಒಳನುಗ್ಗಿ ಸೀರೆಯ ಬಣ್ಣ ನೆಕ್ಕುವುದು ಬಿಸಿಲು;
ಆಗ ನೀವು ಪರದೆ ಎಳೆಯುತ್ತೀರಿ,
ಪರದೆಯ ಕತ್ತಲಿಗೆ ಟ್ಯೂಬ್‌ಲೈಟು, ಗಾಜಿನ ಕಾವಿಗೆ ಎಸಿ,
ಹೊರಗೆ ಇಡೀ ಸೂರ್ಯ ದಂಡವಾಗಿ ನಿಂತಿರುತ್ತಾನೆ.
ಅವರು ನಕ್ಕರು. ಕಾಲೇಜಿನ ಮಾತು ಅಂದುಕೊಂಡಿರಬೇಕು.

ಹಳೆಯ ಕಟ್ಟಡ ಇನ್ನೂ ನಿಂತಿತ್ತು.
ಅಳತೆಗೆಂದು ಹೊಕ್ಕರೆ ಹಗಲಲ್ಲೇ ಟೇಪಿನ ಅಂಕಿ ಕಾಣದು.
ನಡುಮನೆ ದಾಟಿ, ಮೆಟ್ಟಿಲ ಬುಡದಲ್ಲಿ ಮಾತ್ರ
ಒಂದು ಚಾಪೆಯಷ್ಟು ಬೆಳಗು.
ತಲೆಯೆತ್ತಿದೆ: ನಾಲ್ಕು ಹಂಚು ತೆಗೆದು ಯಾರೋ ಕೂರಿಸಿದ ಗಾಜು,
ಅದರ ಮೇಲೆ ಕಾಗೆ ನಡೆಯುವ ಸಪ್ಪಳ.
ಕೆಳಗೆ ಇಂದುಬಾಯಿ ಬೋಂಗಾಳೆ.
ಮೊಣಕಾಲ ಮೇಲೆ ಯಾರದೋ ಮದುವೆ ಕೋಟು;
ಅದರ ಒಳಮಡಿಕೆಯಿಂದಲೇ ಎಳೆ ಕಿತ್ತು
ಇಲಿ ಕಡಿದ ತೂತಿಗೆ ರಫೂ ಹಾಕುತ್ತಿದ್ದರು.

"ದೀಪದಾಗ ಕರಿದೂ ಒಂದ, ಬದನಿಕಾಯಿ ಬಣ್ಣಾನೂ ಒಂದ.
ಈ ಗಾಜಿನ ಕೆಳಗ ಹಿಡದ್ರ
ಎರಡೂ ತಮ್ಮ ತಮ್ಮ ಹೆಸರು ಹೇಳತಾವ."
ಸೂಜಿ ನಿಲ್ಲಿಸದೆ ಕೇಳಿದರು:
"ನಿನ್ನ ನಕಾಶಿಯೊಳಗ ಇದು ಎಲ್ಲಿ ಬರತೈತೆವ್ವಾ?"

ನನ್ನ ನಕಾಶೆಯಲ್ಲಿ ಅಲ್ಲಿ ಲಿಫ್ಟಿತ್ತು.

ಕೆಡವಿ ಬಯಲಾದ ಮೇಲೆ ಮೌಲಾಸಾಬ ಗೌಂಡಿ
ನಾಲ್ಕಡಿಯ ಕೋಲು ನೆಟ್ಟ.
ಗಂಟೆಗೊಮ್ಮೆ ನೆರಳಿನ ತುದಿಗೆ ಸುಣ್ಣದ ಚುಕ್ಕೆ ಇಟ್ಟೆ.
ಮೇ ಕೊನೆಯ ವಾರ. ನಡುಹಗಲ ನೆರಳು
ಗೇಣಿಗಿಂತ ಗಿಡ್ಡ, ಬಿದ್ದದ್ದು ತೆಂಕಲಿಗೆ.
ಮೌಲಾಸಾಬ ತೂಗುಗುಂಡು ಹಿಡಿದು ಕೋಲನ್ನೇ ತಪಾಸಿಸಿದ.
ಕೋಲು ನೆಟ್ಟಗೈತಿ ಚಾಚಾ,
ಈ ದಿನಗಳಲ್ಲಿ ಸೂರ್ಯ ನಮ್ಮ ನೆತ್ತಿ ದಾಟಿ ಬಡಗಲಿಗೆ ಹೋಗಿರತಾನ.
"ನಿಪ್ಪಾಣಿ ಕಡೆ ಅವಗೇನು ಕೆಲಸ?" ಅಂದ, ಬೀಡಿ ಹಚ್ಚಿದ.

ಆಮೇಲೆ ಮಳೆ ಹಿಡಿಯಿತು.
ಆ ತಿಂಗಳುಗಳಲ್ಲಿ ಈ ಊರಿಗೆ ನೆರಳೇ ಇರುವುದಿಲ್ಲ;
ಬೆಳಕು ಮಾತ್ರ, ಕೆನೆ ತೆಗೆದ ಹಾಲಿನಂತೆ ತೆಳ್ಳಗೆ,
ಎಲ್ಲ ಕಡೆಯಿಂದ ಒಂದೇ ಸಮ.
ಅದನ್ನು ಹಿಡಿಯಲು ಕಿಟಕಿ ಸಾಲದು,
ಆಕಾಶಕ್ಕೆ ಬಾಯಿ ತೆರೆದ ಬಾವಿ ಬೇಕು.

ಮೆಟ್ಟಿಲ ಪಕ್ಕ ಆರಡಿಗೆ ಏಳಡಿ ಬರೆದು ಕೊಟ್ಟೆ.
ಚೌಗುಲೆ ಅಂತಸ್ತಿಗೆ ನಲವತ್ತೆರಡರಂತೆ ಮೂರು ಸಲ ಗುಣಿಸಿದರು:
"ಆಕಾಶ ಬಾಡಿಗಿ ಕೊಡತೈತೇನ್ರಿ?"
ಲೆಕ್ಕದಲ್ಲಿ ಸೋತೆ, ನಿಜ ಹೇಳುತ್ತೇನೆ.
ನನ್ನನ್ನು ಗೆಲ್ಲಿಸಿದ್ದು ಲಿಫ್ಟಿನ ಕೊಟೇಶನ್ನು:
ಅದರ ಕೊನೆಯ ಸಾಲು ಓದಿ ಅವರೇ ಮೆಟ್ಟಿಲು ಸಾಕೆಂದರು.
ಲಿಫ್ಟಿಗೆ ಬಿಟ್ಟ ಪೊಳ್ಳು ಹಾಗೇ ಉಳಿಯಿತು.

ಮೌಲಾಸಾಬ ಅದರ ಒಳಗೋಡೆಗೆ ಮೂರು ಕೈ ಸುಣ್ಣ ಬಳಿದ.
ತಳಕ್ಕೆ ಕರಿ ಕಡಪಾ ಹಾಸಲು ಬಿಡಲಿಲ್ಲ ನಾನು,
ಬಿದ್ದ ಬೆಳಕನ್ನು ಅದು ನುಂಗುತ್ತದೆ.
ಮುಂಗಡೆ ಮಾತ್ರ ನೀಲಿ ಗಾಜೇ ಬಂತು.
ಒಳಗೆ ಪರದೆಯೂ ಬಂತು.
ಎರಡನೆಯ ಅಂತಸ್ತಿನ ಕೋಚಿಂಗ್ ಕ್ಲಾಸಿನವರು
ಬಾವಿಯೊಳಕ್ಕೆ ಹೋದ ವರ್ಷದ ರ್‍ಯಾಂಕಿನ ಹುಡುಗರನ್ನು
ಫ್ಲೆಕ್ಸಾಗಿ ಇಳಿಬಿಟ್ಟಿದ್ದಾರೆ;
ಅರ್ಧ ಬೆಳಕು ಅವರ ಬೆನ್ನಿಗೇ ಮುಗಿಯುತ್ತದೆ.

ಉಳಿದರ್ಧ ತಳ ಮುಟ್ಟುತ್ತದೆ.
ಶ್ರಾವಣದ ಒಂದು ಮಬ್ಬು ಹನ್ನೊಂದು ಗಂಟೆಗೆ ಹೋದೆ,
ತೋಳು ಹರಿದ ನನ್ನ ಕರಿ ಸ್ವೆಟರು ಹಿಡಿದು.
ಇಂದುಬಾಯಿ ಅದನ್ನು ಬಾವಿಯ ಬಾಯಿಗೆ ಒಡ್ಡಿದರು,
ಒಮ್ಮೆ ಹೀಗೆ, ಒಮ್ಮೆ ಹಾಗೆ.
"ಎಷ್ಟು ವರ್ಷ ಆತು ಇದನ್ನ ಹಾಕ್ಕೊಂಡು?"
ಹತ್ತಾದರೂ ಆಗಿರಬೇಕು.
"ಕರಿದಲ್ಲವ್ವಾ ಇದು. ಬಾ, ನೋಡ."